ಅಂಕಪಟ್ಟಿಯಲ್ಲಿ ಕಾಣದ ಓದು

ವಿಶ್ವವಿದ್ಯಾಲಯ ಕೊಡುವ ಅಂಕಪಟ್ಟಿಯಲ್ಲಿ ಯಾವ ವಿಷಯಕ್ಕೆ ಎಷ್ಟು ಬಂತೆಂಬುದು ಬರೆದಿರುತ್ತದೆ. ಸಂಜೆ ಐದರ ಮೇಲೆ ವಿದ್ಯಾರ್ಥಿ ಯಾರ ಜೊತೆ ಹರಟೆ ಹೊಡೆಯುತ್ತಿದ್ದ, ಯಾವ ನಾಟಕಕ್ಕೆ ಹೋಗಿದ್ದ, ಅವನ ದಿಂಬಿನ ಕೆಳಗೆ ಯಾವ ಪುಸ್ತಕವಿತ್ತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಸಾಹಿತ್ಯದ ಚರಿತ್ರೆ ಬರೆಯುವವರಿಗೆ ಮಾತ್ರ ಹೆಚ್ಚು ಉಪಯೋಗಕ್ಕೆ ಬರುವುದು ಈ ಎರಡನೆಯ ಲೆಕ್ಕವೇ. ಟಿ.ಪಿ. ಕೈಲಾಸಂ ಲಂಡನ್ನಿಗೆ ಹೋದದ್ದು ಭೂವಿಜ್ಞಾನ ಕಲಿಯಲು. ಅವರಿಂದ ಕನ್ನಡಕ್ಕೆ ದಕ್ಕಿದ್ದು ನಾಟಕ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ಹೊರಡಿಸಿದ 'ಪ್ರಬುದ್ಧ ಕರ್ನಾಟಕ'ಕ್ಕೂ ಪರೀಕ್ಷೆಯ ಅಂಕಗಳಿಗೂ ಯಾವ ಸಂಬಂಧವೂ ಇರಲಿಲ್ಲ.

ಇಂಥ ಲೆಕ್ಕ ನಮಗೆ ವಿವರವಾಗಿ ಸಿಗುವುದು ಗಿರೀಶ ಕಾರ್ನಾಡರ ವಿಷಯದಲ್ಲಿ. ತಮ್ಮ ನಾಟಕಗಳ ಮುನ್ನುಡಿಗಳಲ್ಲಿ, ಸಂದರ್ಶನಗಳಲ್ಲಿ, 2011ರಲ್ಲಿ ಬಂದ 'ಆಡಾಡತ ಆಯುಷ್ಯ'ದಲ್ಲಿ ವಿದ್ಯಾರ್ಥಿ ದೆಸೆಯ ಓದು-ನೋಟಗಳನ್ನು ಅವರೇ ಬಿಚ್ಚಿ ಹೇಳಿದ್ದಾರೆ.

ಕಾರ್ನಾಡರು ಹುಟ್ಟಿದ್ದು 1938ರಲ್ಲಿ, ಮಾಥೇರಾನಿನಲ್ಲಿ. ತಂದೆ ವೈದ್ಯರು. ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಹೈಸ್ಕೂಲಿನ ವಯಸ್ಸಿಗೆ ಕುಟುಂಬ ಧಾರವಾಡಕ್ಕೆ ಬಂತು. ಕರ್ನಾಟಕ ಕಾಲೇಜಿನಲ್ಲಿ ಅವರು ಆರಿಸಿಕೊಂಡದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಸಾಹಿತ್ಯದ ಹುಚ್ಚಿನ ಹುಡುಗ ಗಣಿತಕ್ಕೇಕೆ ಹೋದ? ಉತ್ತರ ಸರಳವಾಗಿದೆ. ವಿದೇಶಕ್ಕೆ ಹೋಗಬೇಕಾದರೆ ವಿದ್ಯಾರ್ಥಿವೇತನ ಬೇಕು, ಅದಕ್ಕೆ ಮೊದಲ ದರ್ಜೆ ಬೇಕು, ಸಾಹಿತ್ಯದ ಪತ್ರಿಕೆಯಲ್ಲಿ ನೂರಕ್ಕೆ ನೂರು ಯಾರೂ ಕೊಡುವುದಿಲ್ಲ. ಗಣಿತದಲ್ಲಿ ಲೆಕ್ಕ ಸರಿಯಿದ್ದರೆ ಕೊಡಲೇಬೇಕು! 1958ರಲ್ಲಿ ಪದವಿ ಬಂತು, 1960ರಲ್ಲಿ ಆಕ್ಸ್‌ಫರ್ಡಿಗೆ ಕರೆದೊಯ್ಯುವ ರೋಡ್ಸ್ ವಿದ್ಯಾರ್ಥಿವೇತನವೂ ಬಂತು.

ಆ ಹುಡುಗನ ಕನಸು ಇಂಗ್ಲಿಷ್ ಕವಿಯಾಗುವುದು. ಒಳ್ಳೆಯ ಚಿತ್ರ ಬರೆಯುತ್ತಿದ್ದ. ಪ್ರಸಿದ್ಧರ ಮುಖಚಿತ್ರ ಬರೆದು ಅವರಿಗೇ ಅಂಚೆಯಲ್ಲಿ ಕಳಿಸಿ ಹಸ್ತಾಕ್ಷರ ಬೇಡುವುದು ಅವನ ಹವ್ಯಾಸವಾಗಿತ್ತು. ಐರಿಷ್ ನಾಟಕಕಾರ ಶಾನ್ ಓ'ಕೇಸಿ ಮಾತ್ರ, ಇದರಲ್ಲಿ ಕಾಲ ಕಳೆಯಬೇಡ, ಬೇರೆಯವರು ನಿನ್ನ ಹಸ್ತಾಕ್ಷರ ಕೇಳುವಂಥದೇನಾದರೂ ಮಾಡು ಎಂಬ ಅರ್ಥದ ಉತ್ತರ ಬರೆದರು. ಇದು ತುಂಬ ಸಲ ಹೇಳಲಾದ ಕಥೆ. ಕೇಳಲು ಸೊಗಸು, ಆದರೆ ಹುಡುಗನನ್ನು ನಾಟಕಕಾರನನ್ನಾಗಿ ಮಾಡಿದ್ದು ಆ ಒಂದು ಕಾಗದವೆಂದು ನನಗನ್ನಿಸುವುದಿಲ್ಲ.

ಪದವಿಯ ನಂತರ ಹೆಚ್ಚಿನ ಓದಿಗೆಂದು ಮುಂಬಯಿಗೆ ಹೋದಾಗ ನೋಡಿದ ಒಂದು ಪ್ರಯೋಗದ ತೂಕ ಹೆಚ್ಚಿನದು. ಇಬ್ರಾಹಿಂ ಅಲ್ಕಾಜಿ ನಿರ್ದೇಶಿಸಿದ ಸ್ಟ್ರಿಂಡ್‌ಬರ್ಗನ 'ಮಿಸ್ ಜೂಲಿ' ಅದು. ಪಾತ್ರಗಳು ಒಬ್ಬರನ್ನೊಬ್ಬರು ಮನಸ್ಸಿನಲ್ಲೇ ಹರಿದು ತಿನ್ನುವ ಬಗೆ ಈ ವಿದ್ಯಾರ್ಥಿಯನ್ನು ಬೆಚ್ಚಿಬೀಳಿಸಿತು. ಅದಕ್ಕಿಂತ ಬೇರೆಯ ಒಂದು ಬೆರಗೂ ಇತ್ತು, ಅದು ಬೆಳಕಿನದು. ರಂಗದ ಮೇಲೆ ಬೆಳಕು ಮೆಲ್ಲಗೆ ಮೂಡಿ ಮೆಲ್ಲಗೆ ಆರುವುದನ್ನು ಅವರು ಕಂಡದ್ದು ಅದೇ ಮೊದಲು.

ಇದು ಎಷ್ಟು ದೊಡ್ಡ ಸಂಗತಿಯೆಂದು ಇಂದಿನ ಓದುಗರಿಗೆ ಅನ್ನಿಸಲಿಕ್ಕಿಲ್ಲ. ಶಿರಸಿಯಲ್ಲಿ ಅವರು ನೋಡಿದ್ದು ಎರಡು ಬಗೆಯ ಆಟ. ಒಂದು ಬಯಲಲ್ಲಿ ದೀವಟಿಗೆಯ ಉರಿಯಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನ. ಇನ್ನೊಂದು ಊರಿಗೆ ಬಂದು ಡೇರೆ ಹೊಡೆಯುವ ಕಂಪನಿ ನಾಟಕ. ಪರದೆ, ಸೈಡ್‌ವಿಂಗು, ಪೆಟ್ರೋಮ್ಯಾಕ್ಸು. ಪೆಟ್ರೋಮ್ಯಾಕ್ಸಿಗೆ ಉರಿಯುವುದು ಗೊತ್ತು, ಆರುವುದು ಗೊತ್ತು. ಅಳುವ ಪಾತ್ರದ ಮುಖದ ಮೇಲೆ ನಿಧಾನವಾಗಿ ಮಂಕಾಗುವುದು ಗೊತ್ತಿಲ್ಲ. ವಿದ್ಯುತ್ ದೀಪಕ್ಕೆ ಹರಿಯುವ ಪ್ರವಾಹವನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಬಂದ ಮೇಲೆ ಪರದೆ ಎಳೆಯದೆಯೇ ದೃಶ್ಯ ಮುಗಿಸಬಹುದು, ಒಂದು ಮೂಲೆಯನ್ನಷ್ಟೇ ಬೆಳಗಿ ಉಳಿದದ್ದನ್ನು ಕತ್ತಲಲ್ಲಿಡಬಹುದು. ಪಾತ್ರದ ಒಳಗಿನ ಮಾತಿಗೆ ರಂಗದ ಮೇಲೊಂದು ಜಾಗ ಸಿಕ್ಕಿತು. ಶಿರಸಿಯ ಹುಡುಗನಿಗೆ ನಾಟಕವೆಂದರೆ ಹೀಗೂ ಇರಬಹುದೆಂದು ಹೊಳೆದದ್ದು ಮುಂಬಯಿಯಲ್ಲಿ.

ಇಷ್ಟರಲ್ಲಿ ಹೊರಡುವ ದಿನ ಹತ್ತಿರ ಬಂತು. ಮನೆಯಲ್ಲಿ ಸಂತೋಷದ ಜೊತೆಗೆ ಅಳುಕು. ಆ ಕಾಲದಲ್ಲಿ ಕಡಲು ದಾಟಿದ ಮಗ ತಿರುಗಿ ಬರುತ್ತಾನೋ ಇಲ್ಲವೋ, ಅಲ್ಲಿಯವಳನ್ನೇ ಮದುವೆಯಾಗಿ ನಿಂತುಬಿಟ್ಟರೇನು ಗತಿ ಎಂಬ ಚಿಂತೆ ಯಾವ ತಂದೆತಾಯಿಗೂ ತಪ್ಪಿದ್ದಲ್ಲ. ತನ್ನ ಮುಂದಿನ ಬದುಕನ್ನು ಹಿರಿಯರ ನಿರೀಕ್ಷೆಗೆ ಒತ್ತೆಯಿಡಬೇಕೇ ಎಂಬ ಅಸಮಾಧಾನ ಮಗನಿಗೂ ತಪ್ಪಲಿಲ್ಲ. ಈ ತಳಮಳದ ವಾರಗಳಲ್ಲೇ ಅವರು ಒಂದು ನಾಟಕ ಬರೆದರು. ಇಂಗ್ಲಿಷ್ ಕವಿತೆಗೆ ಅಣಿಯಾಗಿದ್ದ ಲೇಖನಿಯಿಂದ ಬಂದದ್ದು ಕನ್ನಡ ನಾಟಕ. ಅದು 'ಯಯಾತಿ'.

ಮಹಾಭಾರತದ ಕಥೆ ನಮಗೆಲ್ಲ ಗೊತ್ತಿರುವುದೇ. ಶುಕ್ರಾಚಾರ್ಯರ ಶಾಪದಿಂದ ಅಕಾಲ ಮುಪ್ಪಿಗೀಡಾದ ಯಯಾತಿ ಮಕ್ಕಳಲ್ಲಿ ಯೌವನ ಬೇಡುತ್ತಾನೆ. ಹಿರಿಯರು ಒಲ್ಲೆನೆನ್ನುತ್ತಾರೆ, ಕಿರಿಯನಾದ ಪೂರು ಕೊಡುತ್ತಾನೆ. ಪುರಾಣದಲ್ಲಿ ಇದು ಪಿತೃಭಕ್ತಿಯ ಕಥೆ. ಪೂರುವಿಗೆ ರಾಜ್ಯವೇ ಬಹುಮಾನ. ಇಪ್ಪತ್ತೆರಡರ ತರುಣ ಇದನ್ನು ಮಗನ ಕಡೆಯಿಂದ ನೋಡಿದ. ತಂದೆಯ ಭೋಗಕ್ಕೆ ಮಗ ತನ್ನ ಆಯುಷ್ಯ ತೆರುವುದೆಂದರೇನು? ಮೂಲದಲ್ಲಿಲ್ಲದ ಚಿತ್ರಲೇಖೆಯನ್ನು ಪೂರುವಿನ ಹೆಂಡತಿಯಾಗಿ ತಂದು ನಿಲ್ಲಿಸಿದ. ಗಂಡನ ತ್ಯಾಗದ ದೊಡ್ಡತನವನ್ನು ಎಲ್ಲರೂ ಹೊಗಳುವಾಗ ಆ ತ್ಯಾಗದ ಬೆಲೆ ಕಟ್ಟುವವಳು ತಾನಲ್ಲವೇ ಎಂದು ಕೇಳಿ, ಕೊನೆಗೆ ಸಾವನ್ನು ಆರಿಸಿಕೊಳ್ಳುವವಳು ಅವಳು. ಈ ಪ್ರಶ್ನೆಗೆ ಪುರಾಣ ಉತ್ತರ ಕೊಟ್ಟಿರಲಿಲ್ಲ, ಯಾಕೆಂದರೆ ಪುರಾಣದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಗಮನಿಸಬೇಕಾದ್ದು ಇನ್ನೊಂದಿದೆ. ಕಥೆ ಭಾರತದ್ದು, ಭಾಷೆ ಕನ್ನಡದ್ದು; ಕಟ್ಟೋಣ ಮಾತ್ರ ಅವರು ಕಣ್ಣಾರೆ ನೋಡಿದ ಯಕ್ಷಗಾನದ್ದೂ ಅಲ್ಲ, ಕಂಪನಿ ನಾಟಕದ್ದೂ ಅಲ್ಲ. ಅದು ಆನುಯಿಯ 'ಆಂಟಿಗೊನಿ', ಸಾರ್ತ್ರ್, ಓನೀಲ್, ಗ್ರೀಕರಿಂದ ಬಂದದ್ದು. ಇವರ ನಾಟಕಗಳನ್ನು ಆಗ ಅವರು ಅಚ್ಚಿನಲ್ಲಿ ಓದಿದ್ದರಷ್ಟೇ. ಕಣ್ಣು ಕಂಡದ್ದನ್ನು ಬಿಟ್ಟು ಪುಸ್ತಕದಲ್ಲಿ ಓದಿದ್ದನ್ನು ಹಿಡಿಯುವುದು ಆ ಪೀಳಿಗೆಯ ಎಷ್ಟೋ ವಿದ್ಯಾರ್ಥಿಗಳ ಗುಣ. ಹಳ್ಳಿಯ ಆಟ ನೋಡಿದ್ದೇವೆಂದು ಹೇಳಿಕೊಳ್ಳಲು ಕಾಲೇಜಿನ ಹುಡುಗರಿಗೆ ಆಗ ಸಂಕೋಚವಿತ್ತು.

'ಯಯಾತಿ' 1961ರಲ್ಲಿ ಅಚ್ಚಾಯಿತು. ಲೇಖಕ ಆಕ್ಸ್‌ಫರ್ಡಿನಲ್ಲಿದ್ದ, ಪ್ರಕಾಶಕರು ಧಾರವಾಡದ ಮನೋಹರ ಗ್ರಂಥಮಾಲೆಯವರು. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಈ ಸಂಸ್ಥೆ ನಡೆದದ್ದು ಚಂದಾದಾರರಿಂದ. ಓದುಗ ಮೊದಲೇ ಹಣ ಕಟ್ಟುತ್ತಾನೆ, ಪುಸ್ತಕಗಳು ಅವನ ಮನೆಗೆ ಬರುತ್ತವೆ. ಹೀಗಾಗಿ ಹೆಸರು ಕೇಳದ ಹುಡುಗನ ಮೊದಲ ನಾಟಕವನ್ನೂ ಅಚ್ಚು ಹಾಕುವ ಧೈರ್ಯ ಅಲ್ಲಿತ್ತು. ಸುಭಾಸ ರಸ್ತೆಯಲ್ಲಿರುವ ಅವರ 'ಅಟ್ಟ' ಧಾರವಾಡದ ಲೇಖಕರೆಲ್ಲ ಕೂಡುತ್ತಿದ್ದ ಜಾಗ. ಅಲ್ಲಿನ ಹರಟೆಯೇ ಒಂದು ಕಾಲೇಜು ಎನ್ನುವವರಿದ್ದಾರೆ; ಹಾಜರಿ ಮಾತ್ರ ಹಾಕುತ್ತಿರಲಿಲ್ಲ.

ಆಕ್ಸ್‌ಫರ್ಡಿನಲ್ಲಿ ಓದಿದ್ದು ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಅಲ್ಲಿಯ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್ನಿಗೆ ಅಧ್ಯಕ್ಷರೂ ಆದರು. ಆದರೆ ಮನಸ್ಸಿಗೆ ಹತ್ತಿಕೊಂಡದ್ದು ಕೀರ್ತಿನಾಥ ಕುರ್ತಕೋಟಿಯವರ ಒಂದು ಮಾತು. ಕನ್ನಡ ಸಾಹಿತ್ಯದ ಸಮೀಕ್ಷೆಯಲ್ಲಿ ಅವರು, ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕವಿಲ್ಲವೆಂದು ಆಕ್ಷೇಪಿಸಿದ್ದರು. ಓ'ಕೇಸಿಯ ಕಾಗದಕ್ಕಿಂತ ಈ ಮಾತೇ ಹೆಚ್ಚು ಕೆಲಸ ಮಾಡಿತೆಂದು ನನ್ನ ಎಣಿಕೆ. ಕಾರ್ನಾಡರು ಈಶ್ವರಿ ಪ್ರಸಾದರ ಭಾರತ ಇತಿಹಾಸ ತೆರೆದು ಓದುತ್ತ ಹೋದರು, ಹದಿನಾಲ್ಕನೆಯ ಶತಮಾನದ ಮಹಮ್ಮದ್ ಬಿನ್ ತುಘಲಕನ ಹತ್ತಿರ ಬಂದು ನಿಂತರು.

1964ರ 'ತುಘಲಕ್'ನಲ್ಲಿ ಶಿರಸಿಯ ಡೇರೆ ಮರಳಿ ಬಂತು. ಕಂಪನಿ ನಾಟಕದಲ್ಲಿ ದೃಶ್ಯಗಳು ಎರಡು ಬಗೆ. ಅರಮನೆ, ದರ್ಬಾರುಗಳಿಗೆ ರಂಗದ ಪೂರ್ತಿ ಆಳ ಬೇಕು. ಆ ಸಾಮಾನುಗಳನ್ನು ಜೋಡಿಸುವಷ್ಟು ಹೊತ್ತು ಮುಂದೆ ಬೀದಿಯ ಪರದೆ ಇಳಿಬಿಟ್ಟು, ಅದರ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯಪಾತ್ರಗಳು ಜನರನ್ನು ನಗಿಸುತ್ತಿರಬೇಕು. ಇದು ಅನುಕೂಲಕ್ಕೆ ಹುಟ್ಟಿದ ಉಪಾಯ. 'ತುಘಲಕ್' ಇದನ್ನು ಹಾಗೆಯೇ ಎತ್ತಿಕೊಂಡಿತು. ಹಿಂದಿನ ಆಳದಲ್ಲಿ ಸುಲ್ತಾನ, ಮುಂದಿನ ಬೀದಿಯಲ್ಲಿ ಅಜೀಜ್ ಮತ್ತು ಆಜಮ್ ಎಂಬ ಇಬ್ಬರು ಮೋಸಗಾರರು. ನಾಟಕ ಸಾಗಿದಂತೆ ಬೀದಿಯ ಅಜೀಜ್ ಒಳಗೆ ನುಗ್ಗುತ್ತ ನುಗ್ಗುತ್ತ, ಕೊನೆಗೆ ಅರಮನೆಯ ದೃಶ್ಯದಲ್ಲೇ ಸುಲ್ತಾನನ ಎದುರಿಗೆ ನಿಲ್ಲುತ್ತಾನೆ. ರಾಜ್ಯದ ವ್ಯವಸ್ಥೆ ಕುಸಿದದ್ದನ್ನು ಯಾರೂ ಬಾಯಲ್ಲಿ ಹೇಳಬೇಕಿಲ್ಲ, ರಂಗವೇ ತೋರಿಸುತ್ತದೆ.

1970ರ ದಶಕದಲ್ಲಿ ಈ ನಾಟಕವನ್ನು ದೆಹಲಿಯ ಹಳೆಯ ಕೋಟೆಯ ಗೋಡೆಗಳ ನಡುವೆ ಆಡಿಸಲಾಯಿತು. ಆಡಿಸಿದವರು ಅಂದು ಮುಂಬಯಿಯಲ್ಲಿ 'ಮಿಸ್ ಜೂಲಿ' ತೋರಿಸಿದ್ದ ಅಲ್ಕಾಜಿಯವರೇ.