ಓದು ಬಲ್ಲ ಮಗುವಿಗೆ ಮನೆಯಲ್ಲೇ ಭಾಷಾಪಾಠ: ಯೋಜನೆ ಹೇಗಿರಬೇಕು?

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುವ ಹೋಮ್‌ಸ್ಕೂಲಿಂಗ್ ಪದ್ಧತಿಯನ್ನು ಬೆಂಗಳೂರಿನಂತಹ ನಗರಗಳ ಕೆಲವು ಕುಟುಂಬಗಳು ಅನುಸರಿಸುತ್ತಿವೆ. ಇಂತಹ ಮನೆಯೊಂದರಲ್ಲಿ ಆರು ವರ್ಷದ ಮಗು ಕಥೆಪುಸ್ತಕವನ್ನು ತಡವರಿಸದೆ ಓದತೊಡಗಿದರೆ ಹೆತ್ತವರು ಹಿಗ್ಗುವುದು ಸಹಜ. ಆದರೆ ಅದರ ಬೆನ್ನಲ್ಲೇ ಪ್ರಶ್ನೆಯೊಂದು ಏಳುತ್ತದೆ. ಓದು ಬಂದಾಯಿತು, ಇನ್ನು ಭಾಷೆಯಲ್ಲಿ ಕಲಿಸುವುದೇನು?

ಕೆಲವು ಪೋಷಕರು ನೇರವಾಗಿ ಮೂರನೆಯ ಅಥವಾ ನಾಲ್ಕನೆಯ ತರಗತಿಯ ಪಠ್ಯಪುಸ್ತಕವನ್ನು ಮಗುವಿನ ಕೈಗಿಡುತ್ತಾರೆ. ಇನ್ನು ಕೆಲವರು ಭಾಷೆ ತಾನಾಗಿಯೇ ಬರುತ್ತದೆಂದು ಪಾಠವನ್ನೇ ಕೈಬಿಡುತ್ತಾರೆ. ಎರಡೂ ದಾರಿಗಳಲ್ಲಿ ತೊಡಕಿದೆ. ಓದು, ಗ್ರಹಿಕೆ, ಮಾತು, ಬರಹ ಈ ನಾಲ್ಕೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಆದ್ದರಿಂದ ಪ್ರತಿಯೊಂದಕ್ಕೂ ಮಗು ನಿಂತಿರುವ ಮೆಟ್ಟಿಲಿನಿಂದಲೇ ಪ್ರತ್ಯೇಕ ಯೋಜನೆ ಹಾಕಿಕೊಳ್ಳುವುದು ಒಳಿತು.

ಓದಿದ್ದೆಲ್ಲ ಅರ್ಥವಾಗಿದೆಯೇ?

ಓದು ಎಂಬುದು ಎರಡು ಸಾಮರ್ಥ್ಯಗಳ ಗುಣಲಬ್ಧ ಎಂದು ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಪ್ರತಿಪಾದಿಸಿದರು. ಒಂದು, ಅಕ್ಷರವನ್ನು ಧ್ವನಿಯಾಗಿಸುವುದು. ಇನ್ನೊಂದು, ಭಾಷೆಯನ್ನು ಗ್ರಹಿಸುವುದು. ಇವೆರಡರಲ್ಲಿ ಒಂದು ಶೂನ್ಯವಾದರೂ ಫಲ ಶೂನ್ಯವೇ.

ಕನ್ನಡದ ಮಟ್ಟಿಗೆ ಈ ಮಾತು ಇನ್ನಷ್ಟು ಮುಖ್ಯ. ನಮ್ಮ ಲಿಪಿಯಲ್ಲಿ ಬರಹಕ್ಕೂ ಉಚ್ಚಾರಣೆಗೂ ನಿಕಟ ಸಂಬಂಧವಿದೆ. 49 ಅಕ್ಷರಗಳ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳು ಕೈವಶವಾದರೆ ಮಗು ಬ್ಯಾಂಕಿನ ಸುತ್ತೋಲೆಯನ್ನೂ ಗಟ್ಟಿಯಾಗಿ ಓದಬಲ್ಲದು. ಅದರಲ್ಲಿ ಏನಿದೆ ಎಂದು ಕೇಳಿದರೆ ಹೇಳಲಾರದು. ಕೇಳುವವರಿಗೆ ನಿರರ್ಗಳವಾಗಿ ಕಾಣುವ ಓದಿನ ಹಿಂದೆ ಗ್ರಹಿಕೆಯ ಕೊರತೆ ಹೀಗೆ ಬಹುಕಾಲ ಅಡಗಿರಬಹುದು.

ಇದನ್ನು ಪರೀಕ್ಷಿಸುವ ವಿಧಾನ ಸರಳ. ಪುಸ್ತಕ ಮುಚ್ಚಿಸಿ, ಓದಿದ್ದನ್ನು ತನ್ನದೇ ಮಾತಿನಲ್ಲಿ ಹೇಳುವಂತೆ ಮಗುವನ್ನು ಕೇಳಬೇಕು. ಬಳಿಕ ‘ಹೀಗೇಕಾಯಿತು?’ ಎಂಬ ಒಂದೆರಡು ಪ್ರಶ್ನೆ ಸಾಕು. ಉತ್ತರ ಬಾರದಿದ್ದರೆ ಗದರುವುದು ಬೇಡ; ಒಂದು ಹಂತ ಕೆಳಗಿನ ಪುಸ್ತಕವನ್ನು ಆಯ್ದರಾಯಿತು.

ಕೇಳಿಸುವುದನ್ನು ನಿಲ್ಲಿಸಬಾರದು

ಮಗು ತಾನೇ ಓದುತ್ತದೆಂದು ಹಿರಿಯರು ಓದಿ ಹೇಳುವುದನ್ನು ನಿಲ್ಲಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಈ ವಯಸ್ಸಿನಲ್ಲಿ ಮಗು ಸ್ವತಃ ಓದಿ ಅರಿಯುವುದಕ್ಕಿಂತ ಹೆಚ್ಚಿನದನ್ನು ಕೇಳಿ ಅರಿಯುತ್ತದೆ. ಹೊಸ ಪದಗಳು ಮತ್ತು ನೀಳ ವಾಕ್ಯಗಳು ಕಿವಿಯ ಮೂಲಕವೇ ಮೊದಲು ಒಳಗಿಳಿಯುತ್ತವೆ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಮನೆಯಲ್ಲಿ ‘ಬರ್ತಾನೆ’ ಎನ್ನುವ ಮಗು ಪುಸ್ತಕದಲ್ಲಿ ‘ಬರುತ್ತಾನೆ’ ಎಂಬ ರೂಪವನ್ನು ಕಾಣುತ್ತದೆ. ಆಡುಮಾತಿಗೂ ಗ್ರಂಥಭಾಷೆಗೂ ಇರುವ ಈ ಅಂತರವನ್ನು ದಾಟಿಸುವ ಸೇತುವೆ ಎಂದರೆ ಹಿರಿಯರ ಓದು. ಮನೆಮಾತು ಕನ್ನಡವಲ್ಲದ ಕುಟುಂಬಗಳಲ್ಲಂತೂ ಇದರ ಅಗತ್ಯ ಇಮ್ಮಡಿಯಾಗುತ್ತದೆ.

ಬರಹಕ್ಕೆ ಅವಸರ ಸಲ್ಲ

ಓದು ಮುಂದಿರುವ ಮಗುವಿನ ಕೈ ಬೆರಳುಗಳು ಅಷ್ಟೇ ಮುಂದಿರುವುದಿಲ್ಲ. ನಾಲ್ಕನೆಯ ತರಗತಿಯ ಪುಸ್ತಕದೊಡನೆ ಅದರ ಅಭ್ಯಾಸ ಪ್ರಶ್ನೆಗಳನ್ನೂ ಬರೆಸಹೊರಟರೆ ಮಗು ದಣಿಯುತ್ತದೆ. ಕ್ರಮೇಣ ಬರಹವನ್ನೇ ದ್ವೇಷಿಸಬಹುದು.

ಬ್ರಿಟನ್ನಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842-1923) ಸೂಚಿಸಿದ ಕ್ರಮವನ್ನು ಹೋಮ್‌ಸ್ಕೂಲಿಂಗ್ ಕುಟುಂಬಗಳು ಅನೇಕ ದೇಶಗಳಲ್ಲಿ ಇಂದಿಗೂ ಬಳಸುತ್ತವೆ. ಅದರಂತೆ ಮಗು ಮೊದಲು ಕೇಳಿದ್ದನ್ನು ಬಾಯಿಮಾತಿನಲ್ಲಿ ಮರಳಿ ಹೇಳಬೇಕು. ಆರು ವರ್ಷ ತುಂಬುವ ತನಕ ಇದಕ್ಕೂ ಒತ್ತಾಯವಿಲ್ಲ. ಒಳ್ಳೆಯ ವಾಕ್ಯವನ್ನು ನೋಡಿ ಬರೆಯುವುದು ಮತ್ತು ಅನಂತರ ಉಕ್ತಲೇಖನ ಮುಂದಿನ ಹೆಜ್ಜೆಗಳು. ಸ್ವಂತ ಬರವಣಿಗೆ ಕೊನೆಯದು. ಮಗು ಹೇಳಿದ ಕಥೆಯನ್ನು ತಾಯಿ ಅಥವಾ ತಂದೆ ಬರೆದುಕೊಂಡು ಅದರಿಂದ ಒಂದು ವಾಕ್ಯವನ್ನಷ್ಟೇ ಮಗುವಿನಿಂದ ಬರೆಸುವುದೂ ಉಪಯುಕ್ತ. ಆಲೋಚನೆ ಮತ್ತು ಕೈಬರಹ ಎಂಬ ಎರಡು ಭಾರಗಳು ಇದರಿಂದ ಒಮ್ಮೆಲೇ ಬೀಳುವುದಿಲ್ಲ.

ಉಕ್ತಲೇಖನವು ಓದಿನಲ್ಲಿ ಕಾಣದ ಲೋಪಗಳನ್ನು ಹೊರಗೆಡಹುತ್ತದೆ. ಲ-ಳ, ನ-ಣ, ಶ-ಷ-ಸ, ಅಲ್ಪಪ್ರಾಣ-ಮಹಾಪ್ರಾಣ ಇವೆಲ್ಲ ಎಡವುವ ಜಾಗಗಳು. ‘ಸೂರ್ಯ’ ಎಂಬಲ್ಲಿ ರಕಾರ ಮೊದಲು ಕೇಳಿಸಿದರೂ ಅರ್ಕಾವತ್ತು ಬರುವುದು ಯಕಾರದ ನಂತರ. ಇಂತಹ ಪದವನ್ನು ಸಲೀಸಾಗಿ ಓದುವ ಮಗು ಬರೆಯುವಾಗ ತಡವರಿಸಿದರೆ ಆಶ್ಚರ್ಯವಿಲ್ಲ. ಕನ್ನಡದ ಮಕ್ಕಳ ಅಕ್ಷರಕಲಿಕೆ ಪ್ರಾಥಮಿಕ ಶಾಲೆಯ ಮೂರು, ನಾಲ್ಕನೆಯ ವರ್ಷದವರೆಗೂ ಮುಂದುವರಿಯುತ್ತದೆ ಎಂದು ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ.

ದಿನಕ್ಕೆ ಮುಕ್ಕಾಲು ಗಂಟೆ

ಆರು ವರ್ಷದ ಮಗುವಿಗೆ ದಿನಕ್ಕೆ 45 ನಿಮಿಷಗಳ ಭಾಷಾಪಾಠ ಧಾರಾಳವಾಯಿತು. ಮಗುವಿನ ಸ್ವಂತ ಓದಿಗೆ 15 ನಿಮಿಷ, ಹಿರಿಯರು ಓದುವುದನ್ನು ಕೇಳಲು 15 ನಿಮಿಷ, ಕೇಳಿದ್ದನ್ನು ಮರಳಿ ಹೇಳಲು 5 ನಿಮಿಷ, ಬರಹಕ್ಕೆ 10 ನಿಮಿಷ ಎಂದು ಹಂಚಿಕೊಳ್ಳಬಹುದು. ಬರಹದ ಅವಧಿಯಲ್ಲಿ ವಾರಕ್ಕೆ ಮೂರು ದಿನ ನೋಡಿ ಬರೆಯುವುದು, ಒಂದು ದಿನ ಎರಡು ಮೂರು ಪದಗಳ ಉಕ್ತಲೇಖನ, ಒಂದು ದಿನ ಪತ್ರ, ಸಾಮಾನಿನ ಪಟ್ಟಿ ಅಥವಾ ಚಿತ್ರದ ಕೆಳಗೊಂದು ಸಾಲು ಇದ್ದರೆ ಸಾಕು. ವ್ಯಾಕರಣದ ಹೆಸರುಗಳಿಗೆ ಇನ್ನೂ ಸಮಯವಿದೆ.

ಪುಸ್ತಕಗಳಿಗೆ ಬರವಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಅಂತರ್ಜಾಲ ತಾಣದಲ್ಲಿ ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಪಂಜೆ ಮಂಗೇಶರಾಯರ ಮತ್ತು ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಗಟ್ಟಿಯಾಗಿ ಓದಿ ಕೇಳಿಸಲು ಹೇಳಿಮಾಡಿಸಿದಂತಿವೆ.

ಶಾಲೆಗೆ ಮರಳುವುದಾದರೆ?

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಶಾಲಾ ಶಿಕ್ಷಣದ ಹಕ್ಕು ನೀಡಿದೆ. ಮನೆಶಿಕ್ಷಣದ ಬಗ್ಗೆ ಅದರಲ್ಲಿ ಪ್ರತ್ಯೇಕ ನಿಯಮವಿಲ್ಲ. ಶಾಲೆಗೆ ಸೇರದ ಮಗುವನ್ನು ಮುಂದೆ ಸೇರಿಸುವಾಗ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂದು ಕಾಯಿದೆ ಹೇಳುತ್ತದೆ. ಅಂದರೆ ಮನೆಯಲ್ಲಿ ನಾಲ್ಕನೆಯ ತರಗತಿಯ ಪುಸ್ತಕ ಮುಗಿಸಿದ ಮಾತ್ರಕ್ಕೆ ಆರು ವರ್ಷದ ಮಗು ನಾಲ್ಕನೆಯ ತರಗತಿಗೆ ಸೇರಲಾಗದು. ವಯಸ್ಸಿಗೆ ತಕ್ಕ ತರಗತಿಯಲ್ಲಿ ಬರೆಯಲು ಬಾರದಿದ್ದರೆ ಮಾತ್ರ ಮಗು ಮುಜುಗರಪಡಬೇಕಾಗುತ್ತದೆ.

ಅಳತೆಗೋಲು ಬೇಕೆನ್ನುವವರು ಕೇಂದ್ರ ಸರಕಾರ 2021ರಲ್ಲಿ ಆರಂಭಿಸಿದ ನಿಪುಣ ಭಾರತ ಯೋಜನೆಯ ಗುರಿಯನ್ನು ಗಮನಿಸಬಹುದು. ಮೂರನೆಯ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕು ಎಂಬುದು ಆ ಗುರಿ. ಇಲ್ಲಿ ವೇಗದಷ್ಟೇ ತೂಕ ‘ಅರ್ಥಸಹಿತ’ ಎಂಬ ಮಾತಿಗೂ ಇದೆ.

ತಿಂಗಳಿಗೊಮ್ಮೆ ಮಗುವಿನ ಬರಹದ ಒಂದು ಹಾಳೆಯನ್ನು ದಿನಾಂಕ ಹಾಕಿ ಕಡತದಲ್ಲಿಡುವುದು, ಓದಿದ ಪುಸ್ತಕಗಳ ಪಟ್ಟಿ ಬರೆದಿಡುವುದು ಪೋಷಕರಿಗೆ ನೆರವಾದೀತು. ಆರು ತಿಂಗಳ ಬಳಿಕ ಆ ಕಡತವನ್ನು ತೆರೆದು ನೋಡಿದರೆ ಮಗು ಎಲ್ಲಿ ಮುಂದಿದೆ, ಎಲ್ಲಿ ಇನ್ನೂ ಕೈಹಿಡಿದು ನಡೆಸಬೇಕಿದೆ ಎಂಬುದು ಸ್ಪಷ್ಟವಾಗುತ್ತದೆ.