ತೋಟದ ಲೈನು ಮತ್ತು ಊರು: ವಲಸೆ ಬಂದವರ ವಾಸದ ಪ್ರಶ್ನೆ

ಅಡಿಕೆ ಕೊನೆ ಇಳಿಸುವ ಕಾಲವೂ ಅರೇಬಿಕಾ ಹಣ್ಣು ಕೊಯ್ಯುವ ಕಾಲವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಅದರ ಬೆನ್ನಿಗೇ ಕರಿಮೆಣಸು. ನವೆಂಬರಿನಿಂದ ಮಾರ್ಚಿನವರೆಗೆ ನಮ್ಮ ಸದಸ್ಯರು ಎಲ್ಲಿ ಸೇರಿದರೂ ಧಾರಣೆಯ ಮಾತಿಗಿಂತ ಮೊದಲು ಬರುವ ಮಾತು "ಆಳು ಸಿಕ್ಕಿದರೇ?" ಎಂಬುದು. ಆಳು ಎಲ್ಲಿಂದ ಬಂದರು, ಕೂಲಿ ಎಷ್ಟು ಎಂಬ ಲೆಕ್ಕ ಪ್ರತಿಯೊಬ್ಬ ಬೆಳೆಗಾರನಲ್ಲೂ ಇದೆ. ಬಂದವರು ಎಲ್ಲಿ ವಾಸಿಸುತ್ತಾರೆ, ಅವರ ಬಿಡಾರಕ್ಕೂ ಊರಿಗೂ ಎಷ್ಟು ದೂರ, ಆ ದೂರದ ಪರಿಣಾಮವೇನು ಎಂಬ ಲೆಕ್ಕವನ್ನು ಮಾತ್ರ ನಾವು ಇಟ್ಟವರಲ್ಲ. ಜನಸಂಖ್ಯಾಶಾಸ್ತ್ರದಲ್ಲಿ ಇದೊಂದು ದೊಡ್ಡ ಅಧ್ಯಾಯ. ತೋಟದ ಬೆಳೆಗಾರರಿಗೆ ಇದು ಪುಸ್ತಕದ ವಿಷಯವಲ್ಲ, ಮನೆಬಾಗಿಲಿನ ವಿಷಯ.

ವಲಸೆಗೆ ಒಂದು ಕ್ರಮವಿದೆ

ಜನ ಊರು ಬಿಟ್ಟು ಊರಿಗೆ ಹೋಗುವುದರಲ್ಲಿ ಕೆಲವು ನಿಯಮಗಳಿವೆ ಎಂದು 1885ರಲ್ಲೇ ಇಂಗ್ಲೆಂಡಿನಲ್ಲಿ ರಾವೆನ್‌ಸ್ಟೈನ್ ಎಂಬ ಭೂಗೋಳಜ್ಞ ಜನಗಣತಿಯ ಅಂಕಿಗಳಿಂದ ತೋರಿಸಿದ. ಹೆಚ್ಚಿನವರು ಹೋಗುವುದು ಹತ್ತಿರಕ್ಕೇ; ಹತ್ತಿರದವರು ಬಿಟ್ಟುಹೋದ ಜಾಗವನ್ನು ಇನ್ನೂ ದೂರದವರು ಬಂದು ತುಂಬುತ್ತಾರೆ; ಪ್ರತಿಯೊಂದು ಹೋಗುವ ಪ್ರವಾಹಕ್ಕೂ ಹಿಂತಿರುಗುವ ಪ್ರವಾಹವೊಂದು ಇರುತ್ತದೆ.

ನಮ್ಮ ಮಲೆನಾಡಿನ ಚರಿತ್ರೆಯನ್ನು ನೋಡಿದರೆ ಈ ಮಾತು ಅಕ್ಷರಶಃ ನಿಜವೆನಿಸುತ್ತದೆ. ಹಿಂದೆ ಕಾಫಿ ತೋಟಕ್ಕೆ ಆಳು ಬರುತ್ತಿದ್ದುದು ಘಟ್ಟದ ಕೆಳಗಿನ ತುಳುನಾಡಿನಿಂದ, ಬಯಲುಸೀಮೆಯಿಂದ, ತಮಿಳುನಾಡು ಮತ್ತು ಮಲಬಾರಿನಿಂದ. ಮೇಸ್ತ್ರಿಯ ಕೈಯಲ್ಲಿ ಮುಂಗಡ ಪಡೆದು ಘಟ್ಟ ಹತ್ತಿ, ಕೆಲಸ ಮುಗಿದಮೇಲೆ ಇಳಿದುಹೋಗುವುದು ರೂಢಿ. ಆ ಜನರ ಮಕ್ಕಳು ಓದಿ ಮಂಗಳೂರು, ಬೆಂಗಳೂರು, ಕೊಲ್ಲಿ ದೇಶಗಳ ದಾರಿ ಹಿಡಿದರು. ಅವರು ಬಿಟ್ಟ ಜಾಗಕ್ಕೆ ಇಂದು ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡುಗಳಿಂದ ಜನ ಬರುತ್ತಿದ್ದಾರೆ. ಬರುವವರು ಬದಲಾದರು, ಅವರು ಇಳಿದುಕೊಳ್ಳುವ ಲೈನು ಮಾತ್ರ ಬದಲಾಗಲಿಲ್ಲ.

ಲೈನು ಹುಟ್ಟಿದ ಬಗೆ

ಲೈನುಮನೆಯ ಕಥೆಯನ್ನು ಸಂಪೂರ್ಣವಾಗಿ ಅರಿಯಲು ಸಿಲೋನನ್ನು, ಅಂದರೆ ಇಂದಿನ ಶ್ರೀಲಂಕೆಯನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಕಾಫಿ ತೋಟಗಳಿಗೆ ತಮಿಳು ಜಿಲ್ಲೆಗಳ ಕೂಲಿಕಾರರು ಸಮುದ್ರ ದಾಟಿ, ಕಾಡುದಾರಿಯಲ್ಲಿ ನಡೆದು ಕ್ಯಾಂಡಿಯ ಬೆಟ್ಟಗಳಿಗೆ ಹೋಗುತ್ತಿದ್ದರು. ದಾರಿಯಲ್ಲೇ ಕಾಲರಾ, ಜ್ವರಗಳಿಗೆ ಸಿಕ್ಕಿ ಸತ್ತವರು ಬಹಳ. ಕಾಫಿಗೆ ಕೊಯ್ಲಿನ ಕಾಲದಲ್ಲೇ ಹೆಚ್ಚು ಆಳು ಬೇಕಾದ್ದರಿಂದ ಬಂದವರಲ್ಲಿ ಹೆಚ್ಚಿನವರು ಗಂಡಸರು. ಕೊಯ್ಲು ಮುಗಿದರೆ ಊರಿಗೆ ಮರಳುತ್ತಿದ್ದರು.

1869ರಲ್ಲಿ ಅಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು ಮುಂದಿನ ವರ್ಷಗಳಲ್ಲಿ ಕಾಫಿ ನಾಶವಾಯಿತು. ಆ ರೋಗದ ಪರಿಚಯ ನಮ್ಮ ಯಾವ ಬೆಳೆಗಾರನಿಗೂ ಹೇಳಬೇಕಾದ್ದಿಲ್ಲ. ಕಾಫಿಯ ಜಾಗದಲ್ಲಿ ಚಹಾ ಬಂದಿತು. ಚಹಾ ಸೊಪ್ಪನ್ನು ವರ್ಷವಿಡೀ ಕೀಳಬೇಕು. ಅದಕ್ಕೆ ಹೆಂಗಸರು ಬೇಕು, ಎಂದರೆ ಸಂಸಾರಗಳೇ ಬೇಕು. ಹೀಗೆ ಬಂದುಹೋಗುವ ವಲಸೆ ನೆಲೆನಿಲ್ಲುವ ವಲಸೆಯಾಯಿತು. ಬೆಳೆ ಬದಲಾದರೆ ಜನವಸತಿಯ ರೀತಿಯೇ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನೆಲೆನಿಂತ ಸಂಸಾರಗಳಿಗೆ ಸಿಕ್ಕಿದ್ದು ಸಾಲುಮನೆ. ಸಾಮಾನ್ಯವಾಗಿ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ, ಮುಂದೆ ಕಿರಿದಾದ ಜಗಲಿ. ಮನೆ ತೋಟದ್ದು, ಅಂಗಡಿ ತೋಟದ್ದು, ದಾರಿ ತೋಟದ್ದು. ಕೂಲಿಕಾರನ ಸಾಲವನ್ನು 'ತುಂಡು' ಎಂಬ ಚೀಟಿಯಲ್ಲಿ ಬರೆದು, ಅದು ತೀರದೆ ಬೇರೆ ತೋಟಕ್ಕೆ ಹೋಗದಂತೆ ಕಟ್ಟಿಹಾಕುತ್ತಿದ್ದ ಪದ್ಧತಿ 1921ರಲ್ಲಿ ರದ್ದಾಯಿತಾದರೂ ಸಾಲುಮನೆ ಉಳಿಯಿತು. ಬೆಟ್ಟದ ಮೇಲೆ ತಮಿಳರ ಲೈನು, ಕೆಳಗಿನ ಕಣಿವೆಯಲ್ಲಿ ಸಿಂಹಳರ ಹಳ್ಳಿ. ಮಧ್ಯೆ ಬೇಲಿ ಇಲ್ಲದಿದ್ದರೂ ಶಾಲೆ, ಭಾಷೆ, ಸಂತೆ, ಸಂಬಂಧ ಎಲ್ಲವೂ ಬೇರೆ.

ಆ ದೂರದ ಬೆಲೆ 1948ರಲ್ಲಿ ತಿಳಿಯಿತು. ಸ್ವತಂತ್ರ ಸಿಲೋನು ಮಾಡಿದ ಪೌರತ್ವ ಕಾಯ್ದೆಯಿಂದ ತೋಟದ ಜನರಲ್ಲಿ ಬಹುಪಾಲು ಯಾವ ದೇಶಕ್ಕೂ ಸೇರದವರಾದರು. ಮತದಾನದ ಹಕ್ಕೂ ಹೋಯಿತು. 1964ರ ಅಕ್ಟೋಬರಿನಲ್ಲಿ ಲಾಲ್‌ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು: 5,25,000 ಜನ ಭಾರತಕ್ಕೆ, 3,00,000 ಜನರಿಗೆ ಸಿಲೋನಿನ ಪೌರತ್ವ. ಉಳಿದ 1,50,000 ಜನರನ್ನು 1974ರಲ್ಲಿ ಎರಡು ದೇಶಗಳೂ ಅರ್ಧರ್ಧ ಹಂಚಿಕೊಂಡವು. ಹಲವು ತಲೆಮಾರು ಅಲ್ಲೇ ಹುಟ್ಟಿ ಬೆಳೆದವರನ್ನು ಕಣದ ಅಡಿಕೆಯಂತೆ ಪಾಲು ಹಾಕಲಾಯಿತು. ಕೊನೆಗೆ ಅಲ್ಲಿ ಉಳಿದವರಿಗೆ 2003ರ ಶಾಸನದಿಂದ ಪೌರತ್ವ ದೊರಕಿತು.

ಹಾಗೆ ಬಂದವರಲ್ಲಿ ಒಂದು ಭಾಗ ನಮ್ಮ ನೆರೆಯವರೇ ಆಗಿದ್ದಾರೆ. ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರು ತೋಟಗಳಲ್ಲಿ ಅವರಿಗೆ ಕೆಲಸ ಕೊಟ್ಟು ಕಾಲೊನಿಗಳಲ್ಲಿ ನೆಲೆಗೊಳಿಸಲಾಯಿತು. ಸಿಲೋನಿನಲ್ಲಿ ಅವರು 'ಇಂಡಿಯಾದವರು'. ಇಲ್ಲಿಗೆ ಬಂದಮೇಲೆ 'ಸಿಲೋನಿನವರು'. ಕಾಗದದಲ್ಲಿ ಪೌರತ್ವ ಸಿಕ್ಕಿತು. ಆದರೆ ವಾಸ ಮತ್ತೆ ಸಾಲಾಗಿ, ಊರಿನಿಂದ ಬೇರೆಯಾಗಿಯೇ ಆಯಿತು.

ದೂರವನ್ನು ಅಳೆಯುವುದು ಹೇಗೆ?

ಒಂದು ಊರಿನಲ್ಲಿ ಎರಡು ಗುಂಪಿನ ಜನ ಎಷ್ಟು ಬೆರೆತು ಇದ್ದಾರೆ, ಎಷ್ಟು ಬೇರೆಯಾಗಿ ಇದ್ದಾರೆ ಎಂಬುದನ್ನು ಲೆಕ್ಕ ಹಾಕಬಹುದು. ಅಮೆರಿಕದ ಡಂಕನ್ ದಂಪತಿಗಳು 1955ರಲ್ಲಿ ಪ್ರಚಾರಕ್ಕೆ ತಂದ ಒಂದು ಸೂಚ್ಯಂಕವನ್ನು ಇಂದಿಗೂ ಎಲ್ಲೆಡೆ ಬಳಸುತ್ತಾರೆ. ಲೆಕ್ಕ ಸುಲಭ, ಸದಸ್ಯರು ತಮ್ಮ ಗ್ರಾಮಕ್ಕೇ ಮಾಡಿನೋಡಬಹುದು.

ಉದಾಹರಣೆಗೆ, ಒಂದು ಗ್ರಾಮದಲ್ಲಿ ಊರವರು 400 ಜನ, ವಲಸೆ ಬಂದವರು 100 ಜನ ಎಂದು ಇಟ್ಟುಕೊಳ್ಳೋಣ. ಗ್ರಾಮಕ್ಕೆ ಪೇಟೆ, ಹಳ್ಳಿ, ಲೈನು ಎಂದು ಮೂರು ಭಾಗ. ಊರವರಲ್ಲಿ ಪೇಟೆಯಲ್ಲಿ 200, ಹಳ್ಳಿಯಲ್ಲಿ 180, ಲೈನಿನಲ್ಲಿ 20. ಅಂದರೆ ಶೇಕಡಾ 50, 45, 5. ವಲಸೆಯವರಲ್ಲಿ ಪೇಟೆಯಲ್ಲಿ 10, ಹಳ್ಳಿಯಲ್ಲಿ 10, ಲೈನಿನಲ್ಲಿ 80. ಪ್ರತಿ ಭಾಗದಲ್ಲೂ ಶೇಕಡಾವಾರು ವ್ಯತ್ಯಾಸ 40, 35, 75. ಒಟ್ಟು 150, ಅದರ ಅರ್ಧ 75. ಇದೇ ಸೂಚ್ಯಂಕ. ವಲಸೆಯವರು ಊರವರಂತೆಯೇ ಎಲ್ಲೆಡೆ ಹರಡಿಕೊಳ್ಳಬೇಕಾದರೆ ಅವರಲ್ಲಿ ನೂರಕ್ಕೆ 75 ಮಂದಿ ಮನೆ ಬದಲಿಸಬೇಕೆಂದು ಇದರ ಅರ್ಥ. ಸಂಪೂರ್ಣ ಬೆರೆತಿದ್ದರೆ ಸೊನ್ನೆ, ಸಂಪೂರ್ಣ ಬೇರೆಯಾಗಿದ್ದರೆ 100.

ಪಟ್ಟಣಗಳಲ್ಲಿ ಇಂಥ ಬೇರ್ಪಡೆ ಹೇಗೆ ಬರುತ್ತದೆಂದು 1971ರಲ್ಲಿ ಥಾಮಸ್ ಶೆಲಿಂಗ್ ಎಂಬ ಅರ್ಥಶಾಸ್ತ್ರಜ್ಞ ಒಂದು ಸರಳ ಆಟದ ಮೂಲಕ ತೋರಿಸಿದ. ಚೌಕದ ಹಲಗೆಯ ಮೇಲೆ ಎರಡು ಬಗೆಯ ಕಾಯಿಗಳು. ನೆರೆಯವರಲ್ಲಿ ಮೂರರಲ್ಲೊಂದು ಪಾಲು ತನ್ನವರಿದ್ದರೆ ಸಾಕೆಂಬುದು ಪ್ರತಿ ಕಾಯಿಯ ಬಯಕೆ. ಅಷ್ಟು ಸೌಮ್ಯವಾದ ಬಯಕೆಯಿಂದಲೇ, ಕಾಯಿಗಳು ಒಂದೊಂದಾಗಿ ಜರುಗುತ್ತಾ ಹೋದಂತೆ ಹಲಗೆ ಎರಡು ಬಣದ ಕೇರಿಗಳಾಗಿ ಒಡೆಯಿತು. ಯಾರೂ ದ್ವೇಷಿಸದೆಯೂ ಊರು ಇಬ್ಭಾಗವಾಗಬಹುದು.

ನಮ್ಮ ಲೈನಿನ ಕಥೆ ಹಾಗಲ್ಲ. ಇಲ್ಲಿ ಸಾವಿರ ಜನ ಸಾವಿರ ಸಲ ಆರಿಸಿದ್ದರಿಂದ ಬೇರ್ಪಡೆ ಬಂದದ್ದಲ್ಲ. ತೋಟದ ನಕ್ಷೆಯಲ್ಲಿ ಒಮ್ಮೆ ಗುರುತು ಹಾಕಿದ್ದರಿಂದ ಬಂದದ್ದು. ಹಾಗಾಗಿ ತಿದ್ದುವುದೂ ಬಹುಮಟ್ಟಿಗೆ ತೋಟದವರ ಕೈಯಲ್ಲೇ ಇದೆ.

ಕಾಯ್ದೆಯ ಒಳಿತು ಮತ್ತು ತೊಡಕು

1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಚಹಾ, ಕಾಫಿ, ರಬ್ಬರು, ಸಿಂಕೋನಾ, ಏಲಕ್ಕಿ ತೋಟಗಳ ಮಾಲೀಕರ ಮೇಲೆ ಕಾರ್ಮಿಕರಿಗೆ ಮನೆ, ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆ ಹೊರಿಸಿತು. 1981ರ ತಿದ್ದುಪಡಿಯಿಂದ ಐದು ಹೆಕ್ಟೇರು ಮತ್ತು ಹದಿನೈದು ಕಾರ್ಮಿಕರಿರುವ ತೋಟಗಳೂ ಇದರೊಳಗೆ ಬಂದವು. 2020ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯಲ್ಲಿ ಈ ಕಾಯ್ದೆಯನ್ನು ಸೇರಿಸಲಾಯಿತು. ಈ ಕಾಯ್ದೆಯಿಂದ ಎಷ್ಟೋ ಸಂಸಾರಗಳಿಗೆ ಹೆಂಚಿನ ಸೂರು ಸಿಕ್ಕಿದ್ದು ಸಣ್ಣ ಮಾತಲ್ಲ.

ಆದರೆ ಇದರಲ್ಲೊಂದು ತೊಡಕೂ ಇದೆ. ಮನೆ ಕೆಲಸಕ್ಕೆ ಕಟ್ಟಿಕೊಂಡಿದೆ. ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ. ಮೂವತ್ತು ವರ್ಷ ದುಡಿದವನಿಗೂ ತನ್ನದೆಂಬ ವಿಳಾಸವಿಲ್ಲ. ವಿಳಾಸವಿಲ್ಲದವನ ಪಡಿತರ ಚೀಟಿ, ಮತದಾರರ ಪಟ್ಟಿ, ಮಕ್ಕಳ ಜಾತಿ–ಆದಾಯ ಪತ್ರ ಎಲ್ಲವೂ ಕಷ್ಟ. ನಮ್ಮಲ್ಲಿ ಅನೇಕ ಸಣ್ಣ ಬೆಳೆಗಾರರ ತೋಟಗಳು ಈ ಮಿತಿಯ ಕೆಳಗಿವೆ. ಕಾಯ್ದೆ ಹೆಸರಿಸಿದ ಬೆಳೆಗಳಲ್ಲಿ ಅಡಿಕೆಯೂ ಇಲ್ಲ. ಅಲ್ಲಿ ಬಂದವರ ಬಿಡಾರ ಹಳೆಯ ಕೊಟ್ಟಿಗೆಯೋ, ಅಡಿಕೆ ಗೋದಾಮಿನ ಪಕ್ಕದ ಚಾವಡಿಯೋ ಆಗಿರುವುದನ್ನು ನಾವೆಲ್ಲ ಬಲ್ಲೆವು.

ಭಾಷೆ ಬಾರದವರು ಊರಿಗೆ ಕಾಣದಂತೆ ಇದ್ದಾಗ ಊರಿಗೆ ಅವರ ಮೇಲೆ ಸಂಶಯ ಹೆಚ್ಚುತ್ತದೆ. ಸಂಶಯ ಹೆಚ್ಚಿದಷ್ಟೂ ಅವರು ಇನ್ನಷ್ಟು ಒಳಗೆ ಸರಿಯುತ್ತಾರೆ. ಆಳು ನಿಲ್ಲುವುದಿಲ್ಲವೆಂದು ಗೊಣಗುವ ನಾವು ಈ ಸುತ್ತನ್ನೂ ಗಮನಿಸಬೇಕು. ಮಗುವಿಗೆ ಶಾಲೆ ಇರುವ, ಹೆಂಗಸಿಗೆ ಆಸ್ಪತ್ರೆಯ ದಾರಿ ಗೊತ್ತಿರುವ ಸಂಸಾರ ಮರುವರ್ಷವೂ ಅದೇ ಊರಿಗೆ ಬರುವ ಸಂಭವ ಹೆಚ್ಚು.

ನಮ್ಮ ಕೈಯಲ್ಲಿರುವುದು

ಮೊದಲನೆಯದು ಎಣಿಕೆ. 2011ರ ಜನಗಣತಿಯ ಪ್ರಕಾರ ದೇಶದೊಳಗೇ ವಾಸಸ್ಥಳ ಬದಲಿಸಿದವರು ಸುಮಾರು 45 ಕೋಟಿ. ಅದರಲ್ಲಿ ಮದುವೆಯಾಗಿ ಹೋದ ಹೆಂಗಸರದೇ ದೊಡ್ಡ ಪಾಲು. ಕೊಯ್ಲಿಗೆ ಬಂದು ಮರಳುವವರು ಇಂಥ ಲೆಕ್ಕದಲ್ಲಿ ಸುಲಭವಾಗಿ ತಪ್ಪಿಹೋಗುತ್ತಾರೆ. 2021ರ ಗಣತಿ ಮುಂದೆ ಹೋಗಿ, ಅದರ ಬದಲು ನಡೆಯುವ ಗಣತಿಗೆ 2027ರ ಮಾರ್ಚ್ 1ನ್ನು ಆಧಾರವಾಗಿಟ್ಟುಕೊಳ್ಳುವುದಾಗಿ 2025ರ ಜೂನಿನಲ್ಲಿ ಸರಕಾರ ಪ್ರಕಟಿಸಿತು. ಫೆಬ್ರವರಿಯೆಂದರೆ ನಮ್ಮಲ್ಲಿ ರೊಬಸ್ಟಾ ಕೊಯ್ಲು. ಲೈನುಗಳು ತುಂಬಿರುವ ಕಾಲ. ಗಣತಿಯವರು ಬಂದಾಗ ಬಂಗಲೆಯಿಂದಲೇ ಕಳುಹಿಸಿಕೊಡದೆ ಲೈನಿನ ಕೊನೆಯ ಕೋಣೆಯವರೆಗೂ ಕರೆದೊಯ್ಯುವುದು ಬೆಳೆಗಾರನ ಕೆಲಸ.

ಎರಡನೆಯದು ಪಡಿತರ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಗೆ 2022ರ ಜೂನಿನಲ್ಲಿ ಅಸ್ಸಾಮೂ ಸೇರಿದ ಮೇಲೆ ಎಲ್ಲ ರಾಜ್ಯಗಳೂ ಅದರೊಳಗಿವೆ. ತಮ್ಮ ಊರಿನ ಚೀಟಿಯಿಂದ ಇಲ್ಲಿ ಅಕ್ಕಿ ಪಡೆಯಬಹುದೆಂದು ಬಂದವರಿಗೆ ತಿಳಿಸುವವರು ಬೇಕು. ನ್ಯಾಯಬೆಲೆ ಅಂಗಡಿ ನಡೆಸುವ ಸಹಕಾರ ಸಂಘಗಳಿಗೆ ಇದು ಕಷ್ಟದ ಕೆಲಸವಲ್ಲ.

ಮೂರನೆಯದು ಮಕ್ಕಳು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ಇಲ್ಲವೆಂದೋ, ವರ್ಷದ ನಡುವೆ ಬಂದರೆಂದೋ ಮಗುವನ್ನು ಶಾಲೆ ಹಿಂದೆ ಕಳುಹಿಸುವಂತಿಲ್ಲ. ಮಕ್ಕಳು ಕಡಮೆಯಾಗಿ ಮುಚ್ಚುವ ಭಯದಲ್ಲಿರುವ ಹಳ್ಳಿಶಾಲೆಗಳಿಗೂ ಇದರಿಂದ ಉಪಕಾರವೇ.

ನಾಲ್ಕನೆಯದು, ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು, ಮನೆಯ ಜಾಗ. ಹೊಸದಾಗಿ ಬಿಡಾರ ಕಟ್ಟುವವರು ತೋಟದ ಮೂಲೆಯ ಬದಲು ಊರದಾರಿಯ ಪಕ್ಕದಲ್ಲಿ ಕಟ್ಟಲಿ. ಬಹುಕಾಲ ದುಡಿದ ಸಂಸಾರಗಳಿಗೆ ಗ್ರಾಮಪಂಚಾಯಿತಿಯ ನಿವೇಶನ ಕೊಡಿಸಲು ಬೆಳೆಗಾರನೇ ಅರ್ಜಿಯ ಜೊತೆ ಹೋಗಲಿ. ತನ್ನ ಮನೆಯಿದ್ದರೆ ಆಳು ಕೈಬಿಟ್ಟುಹೋದಾನೆಂಬ ಹೆದರಿಕೆ ಕೆಲವರಿಗಿದೆ. ಸುತ್ತಮುತ್ತ ಕೆಲಸವಿರುವ ಊರಿನಲ್ಲಿ ಮನೆ ಮಾಡಿಕೊಂಡವನು ಬಿಟ್ಟುಹೋಗುವುದು ಎಲ್ಲಿಗೆ? ಲೈನಿನ ಕೋಣೆಯಲ್ಲಿರುವವನಿಗೆ ಗಂಟು ಕಟ್ಟಲು ಒಂದು ರಾತ್ರಿ ಸಾಕು.