ಗುರುವಿಲ್ಲದ ಊರಿನಲ್ಲಿ ಧಮ್ಮ

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಅವರಿಗೆ ಬೌದ್ಧ ದೀಕ್ಷೆ ಕೊಟ್ಟವರು ಹಿರಿಯ ಭಿಕ್ಷು ಚಂದ್ರಮಣಿ. ಆದರೆ ಅಲ್ಲಿ ನೆರೆದಿದ್ದ ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟವರು ಭಿಕ್ಷುಗಳಲ್ಲ, ಆಗಷ್ಟೇ ಬೌದ್ಧರಾಗಿದ್ದ ಬಾಬಾಸಾಹೇಬರೇ. ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 6ರಂದು, ಅವರೂ ಇಲ್ಲವಾದರು.

ಹಳೆಯ ದೇವರುಗಳನ್ನು ಬಿಟ್ಟು ಊರಿಗೆ ಮರಳಿದವರ ಪಾಡು ಏನಾಗಿದ್ದಿರಬೇಕು? ಮದುವೆ ಹೇಗೆ ಮಾಡಬೇಕು, ಸತ್ತವರನ್ನು ಹೇಗೆ ಕಳಿಸಿಕೊಡಬೇಕು ಎಂದು ಕೇಳೋಣವೆಂದರೆ ಬಹುಪಾಲು ಹಳ್ಳಿಗಳಲ್ಲಿ ಭಿಕ್ಷುವೇ ಇಲ್ಲ. ಬೌದ್ಧರಿಗೂ ಕೈಯಲ್ಲಿ ಹಿಡಿದು ಓದುವಂಥ ಒಂದು ಗ್ರಂಥ ಬೇಕೆಂದು ಅಂಬೇಡ್ಕರ್ 1950ರಲ್ಲೇ ಬರೆದಿದ್ದರು. ಅದಕ್ಕಾಗಿ ಅವರೇ ಬರೆದ ‘ಬುದ್ಧ ಮತ್ತು ಆತನ ಧಮ್ಮ’ ಅಚ್ಚಾಗಿ ಬಂದದ್ದು 1957ರಲ್ಲಿ, ಅದೂ ಇಂಗ್ಲಿಷಿನಲ್ಲಿ.

ಗುರುವಿಲ್ಲದೆ ಬೌದ್ಧರಾಗಿ ಬಾಳಲಾದೀತೇ ಎಂದು ಕೇಳುವವರು ಮಹಾರಾಷ್ಟ್ರದಲ್ಲಿ ಹೀಗೆ ಬೌದ್ಧರಾದವರ ಕೇರಿಗಳನ್ನು ನೋಡಬೇಕು. ಆಷಾಢ ಹುಣ್ಣಿಮೆಯಿಂದ ಆಶ್ವಯುಜ ಹುಣ್ಣಿಮೆಯವರೆಗಿನ ಮೂರು ತಿಂಗಳು ವರ್ಷಾವಾಸ. ಭಿಕ್ಷುಗಳು ಅಲೆದಾಟ ನಿಲ್ಲಿಸಿ ಒಂದೆಡೆ ನೆಲೆಸುವ ಕಾಲವದು. ಭಿಕ್ಷುವೇ ಇಲ್ಲದ ಕಡೆ ಜನ ಅದನ್ನು ಓದಿನ ಕಾಲವಾಗಿ ಮಾಡಿಕೊಂಡರು. ಸಂಜೆ ಕೇರಿಯ ಪುಟ್ಟ ವಿಹಾರದಲ್ಲಿ ಬುದ್ಧನ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಿ, ತ್ರಿಶರಣ ಪಂಚಶೀಲ ಹೇಳಿ, ಅಂಬೇಡ್ಕರರ ಪುಸ್ತಕವನ್ನು ಮರಾಠಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಹೆಚ್ಚಿನ ಕಡೆ ಬಿಳಿ ಸೀರೆಯುಟ್ಟ ಹೆಂಗಸರದೇ ಮುಂದಾಳತ್ವ. ಒಬ್ಬಾಕೆ ಓದಿದ್ದನ್ನು ಇನ್ನೊಬ್ಬಾಕೆ ಬಿಡಿಸಿ ಹೇಳುತ್ತಾಳೆ, ಅರ್ಥವಾಗದ್ದನ್ನು ಮತ್ತೊಬ್ಬಾಕೆ ಕೇಳುತ್ತಾಳೆ. ಅಕ್ಷರ ಬಾರದ ಅಜ್ಜಿಯ ಕಿವಿಗೂ ಧಮ್ಮ ಬೀಳುವುದು ಹೀಗೆ. ಬೌದ್ಧ ಚರಿತ್ರೆಯಲ್ಲಿ ಇದು ದೊಡ್ಡ ಸಂಗತಿ ಎಂದೇ ನಾನು ಎಣಿಸುತ್ತೇನೆ.

ಇಲ್ಲಿ ಗುರು ಇರಲಿಲ್ಲ ನಿಜ, ಒಡನಾಡಿಗಳಿದ್ದರು. ಒಳ್ಳೆಯ ಗೆಳೆತನವೆಂದರೆ ಸಾಧನೆಯ ಅರ್ಧ ಭಾಗ ಎಂದು ಶಿಷ್ಯ ಆನಂದ ಹೇಳಿದಾಗ, ಅರ್ಧವಲ್ಲ, ಪೂರ್ತಿ ಸಾಧನೆಯೇ ಅದು ಎಂದು ಬುದ್ಧ ತಿದ್ದಿದ ಪ್ರಸಂಗ ಸಂಯುತ್ತ ನಿಕಾಯದಲ್ಲಿದೆ. ಒಬ್ಬಂಟಿ ಸಾಧಕರಿಗೆ ಈ ಮಾತು ಕಠಿಣ. ಪುಸ್ತಕ ಓದಿ ಶೀಲ ಪಾಲಿಸಬಹುದು. ಆದರೆ ಧ್ಯಾನದಲ್ಲಿ ಹಳೆಯ ನೋವು, ಭಯ ಮೇಲೆದ್ದು ಬಂದಾಗ ‘ನನಗೂ ಹೀಗಾಗಿತ್ತು’ ಎನ್ನುವ ಒಂದು ದನಿ ಬೇಕಾಗುತ್ತದೆ. ಗೋಯೆಂಕಾ ಪರಂಪರೆಯ ಹತ್ತು ದಿನಗಳ ವಿಪಶ್ಯನ ಶಿಬಿರ ಮುಗಿಸಿದವರಿಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಲು ಹೇಳುವುದರ ಜೊತೆಗೆ ವಾರಕ್ಕೊಮ್ಮೆ ಒಟ್ಟಾಗಿ ಕೂರಿ ಎಂದೂ ಹೇಳುವುದು ಸುಮ್ಮನೆ ಅಲ್ಲ.

ನಮ್ಮಲ್ಲಿ ಬೆಂಗಳೂರಿನ ಮಹಾಬೋಧಿ ಸೊಸೈಟಿ ಹುಟ್ಟಿದ್ದೂ 1956ರಲ್ಲೇ. ಬೈಲಕುಪ್ಪೆ, ಮುಂಡಗೋಡಿನಲ್ಲಿ ಟಿಬೆಟನ್ ವಿಹಾರಗಳಿವೆ, ಕಲಬುರಗಿಯಲ್ಲಿ ದೊಡ್ಡ ಬುದ್ಧ ವಿಹಾರವಿದೆ. ಆದರೆ ಸಣ್ಣ ಊರಿನ ಶಿಕ್ಷಕಿಗೋ ಅಂಗಡಿಯವನಿಗೋ ಅವು ವರ್ಷಕ್ಕೊಮ್ಮೆ ಹೋಗಿಬರುವ ಜಾಗಗಳು. ಅಂಬೇಡ್ಕರರ ಆ ಪುಸ್ತಕ ಕನ್ನಡದಲ್ಲಿ ಸಿಗುತ್ತದೆ. ಮುಂದಿನ ಆಷಾಢ ಹುಣ್ಣಿಮೆಗೆ ಪಕ್ಕದ ಮನೆಯ ಒಬ್ಬರನ್ನು ಕರೆದು ಕೂರಿಸಿಕೊಂಡು, ಮೊದಲ ಅಧ್ಯಾಯವನ್ನು ಗಟ್ಟಿಯಾಗಿ ಓದಲು ಯಾವ ಭಿಕ್ಷುವಿನ ಅಪ್ಪಣೆಯೂ ಬೇಕಿಲ್ಲ.